ಉಪ್ಪು ನೀರಿಗೆ ಬಣ್ಣ ನಿಲ್ಲುವುದಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ವಾರದ ಪುರವಣಿಯಲ್ಲಿ ಬಟ್ಟೆ ಒಗೆಯುವ ಬಗ್ಗೆ ಬಂದಿದ್ದ ಸಲಹೆಗಳನ್ನು ಎರಡು ಸಲ ಓದಿದೆ. ಅದರಲ್ಲಿದ್ದ ಒಂದು ಮಾತು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಹೊಸ ಹತ್ತಿ ಬಟ್ಟೆಯನ್ನು ರಾತ್ರಿಯಿಡೀ ಉಪ್ಪು ನೀರಲ್ಲಿ ನೆನೆಸಿಟ್ಟರೆ ಬಣ್ಣ ಗಟ್ಟಿಯಾಗಿ ಹಿಡಿಯುತ್ತದೆ, ಆಮೇಲೆ ಯಾವುದರ ಜೊತೆ ಬೇಕಾದರೂ ಹಾಕಿ ಒಗೆಯಬಹುದು ಅಂತ ಬರೆದಿತ್ತು.

ನಾನು 34 ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ಈಗ ಹೊಸದು ಹೊಲಿಯುವುದಕ್ಕಿಂತ ರಿಪೇರಿ ಕೆಲಸವೇ ಜಾಸ್ತಿ. ಈ ಉಪ್ಪಿನ ಮಾತು ನಂಬಿ ಕೆಟ್ಟ ಬಟ್ಟೆಗಳು ನನ್ನ ಮೇಜಿನ ಮೇಲೆ ಬರುತ್ತಲೇ ಇವೆ. ಕಳೆದ ತಿಂಗಳು ಬಂದದ್ದು ಒಂದು ಬಿಳಿ ಷರ್ಟು. ಜೊತೆಯಲ್ಲಿ ಒಗೆದ ಕಡುಗೆಂಪು ಟಾಪಿನ ಬಣ್ಣ ಕುಡಿದು ಇಡೀ ಷರ್ಟು ತಿಳಿ ಗುಲಾಬಿಯಾಗಿತ್ತು. ತಂದ ಹುಡುಗಿ ಅಳುವ ಹಾಗಿದ್ದಳು. ಷರ್ಟು ಅವಳ ತಮ್ಮನದು, ಹೊಸ ಕೆಲಸಕ್ಕೆ ಸೇರುವಾಗ ಹಾಕಿಕೊಳ್ಳಲು ಅಂತ ತೆಗೆದುಕೊಂಡಿದ್ದು. "ಟಾಪನ್ನ ಉಪ್ಪು ನೀರಲ್ಲಿ ನೆನೆಸಿಟ್ಟಿದ್ದೆನಲ್ಲಾ ಅಕ್ಕಾ, ಆದರೂ ಯಾಕೆ ಹೀಗಾಯ್ತು?" ಅಂತ ಕೇಳಿದಳು.

ಈ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಬಣ್ಣ ಹಾಕುವ ತೊಟ್ಟಿಯಲ್ಲಿ ಉಪ್ಪಿಗೆ ನಿಜವಾಗಿಯೂ ಕೆಲಸ ಇದೆ. ನೀರಿಗಿಳಿದ ಹತ್ತಿ ಎಳೆಯೂ ಬಣ್ಣದ ಕಣವೂ ಎರಡೂ ಋಣ ವಿದ್ಯುತ್ತಿನವು. ಆಯಸ್ಕಾಂತದ ಒಂದೇ ಥರದ ತುದಿಗಳ ಹಾಗೆ ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪು ಆ ತಳ್ಳಾಟ ತಗ್ಗಿಸಿ, ಬಣ್ಣ ಎಳೆಯ ಹತ್ತಿರ ಸೇರುವ ಹಾಗೆ ಮಾಡುತ್ತದೆ. ಅಷ್ಟೇ. ಬಣ್ಣವನ್ನು ಎಳೆಗೆ ಕಟ್ಟಿಹಾಕುವುದು ಆಮೇಲೆ ಹಾಕುವ ಕ್ಷಾರ. ಈಗ ಹತ್ತಿಗೆ ಹೆಚ್ಚಾಗಿ ಬಳಸುವ ರಿಯಾಕ್ಟಿವ್ ಬಣ್ಣಗಳು 1956ರಲ್ಲಿ ಮಾರುಕಟ್ಟೆಗೆ ಬಂದವು. ಇವು ಹತ್ತಿಯ ಜೊತೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತವೆ. ಬೆಸೆದದ್ದು ಸುಲಭಕ್ಕೆ ಬಿಡುವುದಿಲ್ಲ. ಆದರೆ ಹಾಕಿದ ಬಣ್ಣವೆಲ್ಲ ಬೆಸೆಯುವುದಿಲ್ಲ. ಒಂದಷ್ಟು ಭಾಗ ತೊಟ್ಟಿಯ ನೀರಿನ ಜೊತೆಗೇ ಸೇರಿ ಶಕ್ತಿ ಕಳೆದುಕೊಂಡು, ಬಟ್ಟೆಯೊಳಗೆ ಸುಮ್ನೆ ಕೂತಿರುತ್ತದೆ. ಅದನ್ನು ಕಾರ್ಖಾನೆಯಲ್ಲೇ ಕುದಿ ನೀರು, ಸೋಪಿನಲ್ಲಿ ಹಲವು ಸಲ ತೊಳೆದು ತೆಗೆಯಬೇಕು. ಅವಸರದಲ್ಲಿ ಆ ತೊಳೆತ ಕಡಿಮೆಯಾದರೆ, ಉಳಿದ ಬಣ್ಣ ನಮ್ಮ ಮನೆಯ ಬಕೆಟ್ಟಿನಲ್ಲಿ ಇಳಿಯುತ್ತದೆ. ಅದಕ್ಕೆ ಇನ್ನು ಬೆಸೆಯುವ ಶಕ್ತಿಯೇ ಇಲ್ಲ. ಉಪ್ಪು ಹಾಕಿದರೂ ವಿನೆಗರ್ ಹಾಕಿದರೂ ಅದು ಹಿಡಿದುಕೊಳ್ಳುವುದಿಲ್ಲ.

ಹಾಗಾದರೆ ಮಾಡಬೇಕಾದ್ದು ಏನು? ಆ ಸಡಿಲ ಬಣ್ಣವನ್ನು ಹೊರಗೆ ಕಳಿಸಬೇಕು. ಗಾಢ ಬಣ್ಣದ ಹೊಸ ಬಟ್ಟೆಯನ್ನು ಒಂಟಿಯಾಗಿ, ಉಗುರುಬೆಚ್ಚಗಿನ ನೀರು ಮತ್ತು ಸೋಪಿನ ಪುಡಿಯಲ್ಲಿ ಒಗೆಯಿರಿ. ನೀರು ತಿಳಿಯಾಗಿ ಬರುವವರೆಗೆ ಮೂರು ಸಲವೋ ನಾಲ್ಕು ಸಲವೋ ಒಗೆಯಬೇಕು. ರಾತ್ರಿಯಿಡೀ ನೆನೆಸುವುದು ಮಾತ್ರ ಬೇಡ. ಎರಡು ಬಣ್ಣದ ಬಟ್ಟೆಯಾದರೆ ಇಳಿದ ಗಾಢ ಬಣ್ಣ ಪಕ್ಕದ ತಿಳಿ ಬಣ್ಣಕ್ಕೆ ಹತ್ತಲು ನಾವೇ ಸಮಯ ಕೊಟ್ಟ ಹಾಗೆ. ಅನುಮಾನ ಇದ್ದರೆ ಒಳಗಿನ ಹೊಲಿಗೆ ಅಂಚನ್ನು ಒದ್ದೆ ಮಾಡಿ, ಮೇಲೆ ಬಿಳಿ ಬಟ್ಟೆಯ ತುಂಡು ಇಟ್ಟು ಇಸ್ತ್ರಿ ಒತ್ತಿ ನೋಡಿ. ಬಿಳಿ ತುಂಡಿಗೆ ಬಣ್ಣ ಬಂದರೆ ಇನ್ನೂ ಒಂಟಿಯಾಗಿಯೇ ಒಗೆಯಬೇಕು. ಡೆನಿಮ್ಮಿನ ನೀಲಿ ಬೇರೆ ಜಾತಿಯದು. ಅದು ನೂಲಿನ ಹೊರಮೈಗೆ ಮಾತ್ರ ಅಂಟಿರುತ್ತದೆ, ಬದುಕಿರುವಷ್ಟು ಕಾಲ ಉಜ್ಜಿದಲ್ಲೆಲ್ಲ ಸವೆಯುತ್ತದೆ. ಅದನ್ನು ತಿರುವು ಮುರುವು ಮಾಡಿ, ಅಪರೂಪಕ್ಕೆ ಒಗೆಯುವುದೇ ಸರಿ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಹತ್ತಿ ಅಂದರೆ ಏನು ಅಂತ ತಿಳಿಯದೇ ಇರುವುದರಿಂದಲೇ ಇಂಥ ಸಲಹೆಗಳು ಓಡಾಡುತ್ತವೆ ಅನಿಸುತ್ತದೆ.

ಹತ್ತಿಯ ಒಂದು ಎಳೆ ಅಂದರೆ ಬೀಜದ ಸಿಪ್ಪೆಯಿಂದ ಹೊರಟ ಒಂದೇ ಒಂದು ಜೀವಕೋಶ. ಸಾಮಾನ್ಯ ಹತ್ತಿಯಲ್ಲಿ ಅದು 25ರಿಂದ 30 ಮಿಲಿಮೀಟರ್ ಉದ್ದ ಬೆಳೆಯುತ್ತದೆ. ಉದ್ದ ಎಳೆಯ ಜಾತಿಗಳಲ್ಲಿ 35 ಮಿಲಿಮೀಟರ್ ದಾಟುತ್ತದೆ. ಮೊದಲು ಉದ್ದಕ್ಕೆ ಬೆಳೆದು, ಆಮೇಲೆ ಒಳಗೊಳಗೇ ಪದರ ಪದರವಾಗಿ ಸೆಲ್ಯುಲೋಸ್ ಅನ್ನುವ ಗಿಡದ ನಾರಿನ ವಸ್ತು ತುಂಬಿಕೊಳ್ಳುತ್ತದೆ. ಕಾಯಿ ಒಡೆದು ಗಾಳಿ ಬಿಸಿಲು ತಾಗಿದಾಗ ಒಳಗಿನ ರಸ ಆರಿ ಕೊಳವೆ ಚಪ್ಪಟೆಯಾಗಿ ರಿಬ್ಬನ್ನಿನ ಹಾಗೆ ಸುರುಳಿ ತಿರುಗುತ್ತದೆ. ಆ ತಿರುವು ಇರುವುದರಿಂದಲೇ ಎಳೆಗೆ ಎಳೆ ಸಿಕ್ಕಿಕೊಂಡು ನೂಲಾಗುವುದು. ಪುಟ್ಟ ಮಸೂರದಲ್ಲಿ ಅದೆಲ್ಲ ಕಾಣುವುದಿಲ್ಲ. ಒಮ್ಮೆ ಶಾಲೆ ಮಕ್ಕಳ ಸೂಕ್ಷ್ಮದರ್ಶಕದಲ್ಲಿ ನೋಡುವ ಅವಕಾಶ ಸಿಕ್ಕಿತ್ತು. ಅಷ್ಟು ವರ್ಷ ಕೈಯಲ್ಲಿ ಹಿಡಿದದ್ದನ್ನು ಅವತ್ತು ಕಣ್ಣಲ್ಲಿ ನೋಡಿದೆ. ಆ ಖುಷಿ ಇನ್ನೂ ಹೋಗಿಲ್ಲ.

ಹೊಲಿಗೆ ದಾರದ ರೀಲಿನ ಮೇಲೆ 'ಮರ್ಸರೈಸ್ಡ್' ಅಂತ ಇರುತ್ತದಲ್ಲ, ಅದೂ ಇದೇ ಕತೆ. 1844ರಲ್ಲಿ ಜಾನ್ ಮರ್ಸರ್ ಅನ್ನುವವರು ಕಾಸ್ಟಿಕ್ ಸೋಡಾ ತಾಗಿದ ಹತ್ತಿ ಎಳೆ ಉಬ್ಬಿ ದುಂಡಗಾಗುವುದನ್ನು ಕಂಡುಕೊಂಡರು. ಹಾಗೆ ಮಾಡುವಾಗ ನೂಲನ್ನು ಎಳೆದು ಹಿಡಿದರೆ ಹೊಳಪು ಬರುತ್ತದೆ ಅಂತ 1890ರ ಸುಮಾರಿಗೆ ಹೊರೇಸ್ ಲೋ ತೋರಿಸಿಕೊಟ್ಟರು. ಚಪ್ಪಟೆ ಎಳೆಗಿಂತ ದುಂಡನೆಯ ಎಳೆ ಬೆಳಕನ್ನು ಚೆನ್ನಾಗಿ ಹೊಳೆಸುತ್ತದೆ, ಬಣ್ಣವನ್ನೂ ಹೆಚ್ಚು ಕುಡಿಯುತ್ತದೆ.

ಹತ್ತಿಗೂ ನೀರಿಗೂ ಇರುವ ನಂಟನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಪೂರ್ತಿ ಒಣಗಿಸಿದ 1 ಕಿಲೋ ಹತ್ತಿಯನ್ನು ಸಾಧಾರಣ ಗಾಳಿಯಲ್ಲಿ ಬಿಟ್ಟರೆ, ಗಾಳಿಯಿಂದಲೇ ಸುಮಾರು 80 ಗ್ರಾಂ ತೇವ ಎಳೆದುಕೊಳ್ಳುತ್ತದೆ. ಅಷ್ಟಾದರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಅದೇ 1 ಕಿಲೋ ಪಾಲಿಯೆಸ್ಟರ್ ಎಳೆದುಕೊಳ್ಳುವುದು 4 ಗ್ರಾಂ ಆಸುಪಾಸು. ಬೆವರಿದಾಗ ಹತ್ತಿ ಬಟ್ಟೆ ಹಿತ ಅನಿಸುವುದು ಇದಕ್ಕೇ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಹತ್ತಿ ಒದ್ದೆಯಾದರೆ ಇನ್ನಷ್ಟು ಗಟ್ಟಿಯಾಗುತ್ತದೆ. ಒಣಗಿದ ನೂಲಿಗಿಂತ ಒದ್ದೆ ನೂಲು ಹರಿಯಲು ಹೆಚ್ಚು ಬಲ ಬೇಕು. ಅದಕ್ಕೇ ಹತ್ತಿಯನ್ನು ನೂರಾರು ಸಲ ಒಗೆಯಬಹುದು, ಹಿಂಡಬಹುದು, ಬಿಸಿನೀರಿಗೂ ಹಾಕಬಹುದು. ನೋಡಲು ಹತ್ತಿಯ ಹಾಗೇ ಇರುವ ರೇಯಾನ್ ಒದ್ದೆಯಾದಾಗ ಅರ್ಧ ಬಲ ಕಳೆದುಕೊಳ್ಳುತ್ತದೆ. ಎರಡನ್ನೂ ಒಂದೇ ಥರ ಹಿಂಡಿದರೆ ಅದು ತಡೆಯುವುದಿಲ್ಲ.

ಇಷ್ಟು ಗಟ್ಟಿ ಬಟ್ಟೆ ಯಾಕೆ ಬೇಗ ಹಾಳಾಗುತ್ತದೆ? ರಿಪೇರಿಗೆ ಬಂದ ಬಟ್ಟೆ ಹರಿದ ಜಾಗ ನೋಡಿದರೆ ನನಗೆ ಕಾರಣ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಕಾಲರಿನ ಮಡಿಕೆ ಸವೆದಿದ್ದರೆ ಅದು ತೊಟ್ಟು ಸವೆದದ್ದು. ಅದರ ಬಗ್ಗೆ ಬೇಸರವಿಲ್ಲ. ಕಾಲರ್ ಬಿಚ್ಚಿ ತಿರುವಿ ಹಾಕಿದರೆ ಷರ್ಟು ಇನ್ನೆರಡು ವರ್ಷ ಬರುತ್ತದೆ. ಟೀ ಷರ್ಟಿನ ಮುಂಭಾಗದಲ್ಲಿ ಸೂಜಿ ಚುಚ್ಚಿದಂಥ ತೂತುಗಳಿದ್ದರೆ, ಮೆಷಿನ್ನಿನಲ್ಲಿ ಪ್ಯಾಂಟಿನ ಜಿಪ್ಪು ಹಾಕದೇ ಒಟ್ಟಿಗೆ ತಿರುಗಿಸಿರುತ್ತಾರೆ. ಭುಜದ ಉದ್ದಕ್ಕೂ ಗೆರೆ ಎಳೆದ ಹಾಗೆ ಬಣ್ಣ ಹೋಗಿ ಬಟ್ಟೆ ಸಡಿಲವಾಗಿದ್ದರೆ ಅದು ಬಿಸಿಲಿನ ಕೆಲಸ. ಒಣಗಿದ ಮೇಲೂ ದಿನವಿಡೀ ಹಗ್ಗದ ಮೇಲೇ ಬಿಟ್ಟಿರುತ್ತಾರೆ. ಬಿಸಿಲಿನ ನೇರಳಾತೀತ ಕಿರಣ ಬಣ್ಣವನ್ನಷ್ಟೇ ಅಲ್ಲ, ಸೆಲ್ಯುಲೋಸನ್ನೂ ಕಡಿಯುತ್ತದೆ. ಇನ್ನು ಬಿಳಿ ಬಟ್ಟೆ ಯಾವ ಕಡೆ ಹಿಡಿದರೂ ಕಾಗದದ ಹಾಗೆ ಹರಿದರೆ ಅದು ಕ್ಲೋರಿನ್ ಬ್ಲೀಚ್. ಅಂಥ ಬಟ್ಟೆಗೆ ನಾನು ಏನೂ ಮಾಡಲಾರೆ. ತೇಪೆ ಹಾಕಿದರೂ ಹೊಲಿಗೆಯ ಪಕ್ಕದಲ್ಲೇ ಮತ್ತೆ ಹರಿಯುತ್ತದೆ.

ಕಂಕುಳ ಹತ್ತಿರದ ಹಳದಿ ಕಲೆಗೆ ಬಹಳ ಮಂದಿ ಈ ಬ್ಲೀಚನ್ನೇ ಸುರಿಯುತ್ತಾರೆ. ಆ ಕಲೆ ಹೆಚ್ಚಾಗಿ ಬೆವರು ತಡೆಯುವ ಡಿಯೋಡರೆಂಟಿನ ಅಲ್ಯೂಮಿನಿಯಂ ಲವಣ ಬೆವರಿನ ಜೊತೆ ಸೇರಿ ಆದದ್ದು. ಕ್ಲೋರಿನ್ ಬ್ಲೀಚಿಗೆ ಅದು ಇನ್ನೂ ಹಳದಿಯಾಗಬಹುದು. ಕ್ಲೋರಿನ್ ಇಲ್ಲದ ಆಕ್ಸಿಜನ್ ಬ್ಲೀಚಿನ (ಸೋಡಿಯಂ ಪರ್ಕಾರ್ಬೊನೇಟ್) ಪುಡಿಯನ್ನು ಬೆಚ್ಚಗಿನ ನೀರಲ್ಲಿ ಕಲಸಿ ಕೆಲವು ಗಂಟೆ ನೆನೆಸುವುದು ಮೇಲು. ಮತ್ತೆ, ದಯವಿಟ್ಟು ಕ್ಲೋರಿನ್ ಬ್ಲೀಚಿಗೆ ವಿನೆಗರನ್ನಾಗಲಿ ಬೇರೆ ಯಾವ ಹುಳಿಯನ್ನಾಗಲಿ ಬೆರೆಸಬೇಡಿ. ವಿಷದ ಗಾಳಿ ಏಳುತ್ತದೆ. ಇದನ್ನು ನಿಮ್ಮ ಪುರವಣಿ ದಪ್ಪಕ್ಷರದಲ್ಲಿ ಹಾಕಬೇಕು. ರಕ್ತದ ಕಲೆಗೆ ಮಾತ್ರ ತಣ್ಣೀರು. ಬಿಸಿನೀರು ತಾಗಿದರೆ ಕಲೆ ಗಟ್ಟಿಯಾಗಿ ಕೂರುತ್ತದೆ.

ಕುಗ್ಗುವ ವಿಷಯಕ್ಕೆ ಬರುತ್ತೇನೆ. ಈ ಪಾಠ ನಾನು ನನ್ನ ತಪ್ಪಿನಿಂದಲೇ ಕಲಿತದ್ದು. ಕೆಲಸ ಶುರು ಮಾಡಿದ ಮೊದಲ ವರ್ಷ ಒಬ್ಬ ಹಿರಿಯರಿಗೆ ಪಾಪ್ಲಿನ್ ಷರ್ಟು ಹೊಲಿದುಕೊಟ್ಟೆ. ಬಟ್ಟೆಯನ್ನು ನೆನೆಸದೇ ನೇರ ಕತ್ತರಿಸಿದ್ದೆ. ಮೊದಲ ಒಗೆತಕ್ಕೇ ತೋಳು ಮಣಿಕಟ್ಟು ಬಿಟ್ಟು ಮೇಲೆ ಬಂತು. ಅವರು ಬೈಯಲಿಲ್ಲ. ಕೈ ಚಾಚಿ ತೋರಿಸಿ, "ನೋಡಮ್ಮ, ಹೀಗಾಗಿದೆ" ಅಂದರು, ಅಷ್ಟೇ. ಅವತ್ತಿನಿಂದ ನೆನೆಸಿ ಒಣಗಿಸದ ಹತ್ತಿ ಬಟ್ಟೆಗೆ ಕತ್ತರಿ ಹಾಕಿಲ್ಲ.

ಹತ್ತಿ ಎಳೆ ಹೆಚ್ಚು ಕುಗ್ಗುವುದಿಲ್ಲ, ಕುಗ್ಗುವುದು ನೇಯ್ಗೆ. ಮಗ್ಗದ ಮೇಲೆ ಹಾಸಿನ ನೂಲನ್ನು, ಅಂದರೆ ಉದ್ದಕ್ಕೆ ಹೋಗುವ ನೂಲನ್ನು, ಬಿಗಿಯಾಗಿ ಎಳೆದಿರುತ್ತಾರೆ. ಆಮೇಲೆ ಬಣ್ಣ ಹಾಕುವಾಗ, ಇಸ್ತ್ರಿ ಮಾಡುವಾಗ ಮತ್ತೆ ಎಳೆದಿರುತ್ತಾರೆ. ಮೊದಲ ಸಲ ನೀರಿಗೆ ಬಿದ್ದಾಗ ಆ ಬಿಗುವು ಬಿಟ್ಟುಕೊಡುತ್ತದೆ. ಜೊತೆಗೆ ನೀರು ಕುಡಿದ ನೂಲು ದಪ್ಪವಾಗುತ್ತದೆ. ಹಾಸು ಆ ದಪ್ಪ ಹೊಕ್ಕನ್ನು (ಅಡ್ಡ ನೂಲನ್ನು) ಸುತ್ತಿ ಹೋಗಬೇಕಾದರೆ ಹೆಚ್ಚು ಉದ್ದ ಬೇಕು, ಹಾಗಾಗಿ ಬಟ್ಟೆ ಒಳಕ್ಕೆ ಸೇದಿಕೊಳ್ಳುತ್ತದೆ. ಶೇಕಡಾ 5 ಕುಗ್ಗಿದರೆ 60 ಸೆಂಟಿಮೀಟರ್ ತೋಳು 3 ಸೆಂಟಿಮೀಟರ್ ಗಿಡ್ಡ. ಕುಗ್ಗುವುದನ್ನೆಲ್ಲ ಕಾರ್ಖಾನೆಯಲ್ಲೇ ಕುಗ್ಗಿಸಿ ಕಳಿಸುವ ವಿಧಾನವನ್ನು 1930ರಲ್ಲಿ ಸ್ಯಾನ್‌ಫರ್ಡ್ ಕ್ಲುಯೆಟ್ ಕಂಡುಹಿಡಿದರು. ಬಟ್ಟೆಯ ಅಂಚಿನಲ್ಲಿ 'ಸ್ಯಾನ್‌ಫರೈಸ್ಡ್' ಅಂತ ಇದ್ದರೆ ಅದೇ. ಬನಿಯನ್, ಟೀ ಷರ್ಟಿನಂಥ ಹೆಣೆದ ಬಟ್ಟೆ ಇನ್ನೂ ಜಾಸ್ತಿ ಆಡುತ್ತದೆ. ಉದ್ದ ಕಡಿಮೆಯಾಗಿ ಅಗಲ ಹಿಗ್ಗಬಹುದು. ಹಗ್ಗಕ್ಕೆ ನೇತುಹಾಕುವ ಬದಲು ಚಪ್ಪಟೆ ಹರಡಿ ಒಣಗಿಸಿದರೆ ಆಕಾರ ಉಳಿಯುತ್ತದೆ.

ಬಟ್ಟೆ ಎಷ್ಟು ಕುಗ್ಗುತ್ತದೆ ಅಂತ ನೋಡುವುದು ಸುಲಭ. ತಾನಿನ ಒಂದು ಮೂಲೆಯಲ್ಲಿ ಅಂಚಿನಿಂದ ಸ್ವಲ್ಪ ಒಳಗೆ 50 ಸೆಂಟಿಮೀಟರ್ ಚೌಕ ಗುರುತು ಮಾಡಿ, ನೀವು ಹೇಗೆ ಒಗೆಯುತ್ತೀರೋ ಹಾಗೇ ಒಗೆದು ಒಣಗಿಸಿ ಅಳೆಯಿರಿ. 1 ಸೆಂಟಿಮೀಟರ್ ಕಡಿಮೆಯಾದರೆ ಶೇಕಡಾ 2 ಕುಗ್ಗಿದೆ ಅಂತ ಅರ್ಥ.

ಇನ್ನೊಂದು ನೋವಿನ ವಿಷಯ ಇದೆ. 'ಕಾಟನ್ ಫೀಲ್', 'ಕಾಟನ್ ರಿಚ್', 'ಕಾಟನ್ ಬ್ಲೆಂಡ್' ಅನ್ನುವ ಮಾತುಗಳು. ಹೋದ ಬೇಸಿಗೆಯಲ್ಲಿ ಒಬ್ಬ ತಾಯಿ ಮಗುವಿನ ಅಂಗಿ ತಂದರು. ಕುತ್ತಿಗೆ ಸುತ್ತ ಮೈ ಕೆಂಪಾಗುತ್ತದೆ, ಕಾಲರ್ ಬಿಡಿಸಿಕೊಡಿ ಅಂದರು. ಶುದ್ಧ ಹತ್ತಿ ಅಂತ ಹೇಳಿ ಕೊಟ್ಟಿದ್ದರಂತೆ. ಹೊಲಿಗೆ ಅಂಚಿನಿಂದ ನಾಲ್ಕು ಎಳೆ ಬಿಚ್ಚಿ, ನೀರಿನ ಬಟ್ಟಲಿನ ಮೇಲೆ ಚಿಮಟದಲ್ಲಿ ಹಿಡಿದು ಕಡ್ಡಿ ಗೀರಿದೆ. ಹತ್ತಿಯಾಗಿದ್ದರೆ ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಪುಡಿಯಾಗುವ ಬೂದಿ ಉಳಿಯಬೇಕಿತ್ತು. ಈ ಎಳೆಗಳು ಕರಗಿ ಕಪ್ಪು ಮಣಿಯಾಗಿ ಗಟ್ಟಿಯಾದವು. ಅದರಲ್ಲಿ ಪಾಲಿಯೆಸ್ಟರ್ ಇತ್ತು. ಆ ತಾಯಿಯ ಮುಖ ನೋಡಿ ನನಗೇ ಸಂಕಟವಾಯಿತು. ಪಾಲಿಯೆಸ್ಟರ್ ಬೆರೆತ ಬಟ್ಟೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬೇಗ ಒಣಗುತ್ತದೆ, ಸುಕ್ಕು ಕಡಿಮೆ, ಕೆಲಸಕ್ಕೆ ತಕ್ಕ ಬಟ್ಟೆ ಅದು. ಅದನ್ನು ಹತ್ತಿ ಅಂತ ಹೇಳಿ ಮಾರುವುದು ತಪ್ಪು. ಒಂದು ಎಚ್ಚರಿಕೆ ಅಂದರೆ, ಈ ಸುಡುವ ಪರೀಕ್ಷೆಯಲ್ಲಿ ರೇಯಾನ್ ಸಿಕ್ಕಿಬೀಳುವುದಿಲ್ಲ. ಅದೂ ಸೆಲ್ಯುಲೋಸೇ, ಹತ್ತಿಯ ಹಾಗೇ ಸುಡುತ್ತದೆ. ಒಂದು ಎಳೆಯ ನಡುವೆ ಒದ್ದೆ ಮಾಡಿ ಎರಡು ಕಡೆ ಎಳೆಯಿರಿ. ಒದ್ದೆ ಮಾಡಿದ ಜಾಗದಲ್ಲೇ ಸುಲಭವಾಗಿ ಹರಿದರೆ ರೇಯಾನ್ ಅಂತ ಅನುಮಾನಿಸಬಹುದು.

ಹಾಸಿಗೆ ಬಟ್ಟೆಗಳ ಮೇಲೆ ಬರೆದಿರುವ ಥ್ರೆಡ್ ಕೌಂಟನ್ನೂ ಕಣ್ಣು ಮುಚ್ಚಿ ನಂಬಬೇಡಿ. ಒಂದು ಇಂಚಿನಲ್ಲಿರುವ ಹಾಸು ಹೊಕ್ಕುಗಳ ಒಟ್ಟು ಲೆಕ್ಕ ಅದು. ಎರಡು ಮೂರು ಎಳೆ ಹುರಿ ಮಾಡಿದ ನೂಲನ್ನು ಒಂದೊಂದೇ ಎಳೆಯಾಗಿ ಎಣಿಸಿ ಸಂಖ್ಯೆ ದೊಡ್ಡದು ಮಾಡುವವರಿದ್ದಾರೆ. ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ನೇಯ್ಗೆ ಎಲ್ಲ ಕಡೆ ಒಂದೇ ಸಮ ಇದೆಯಾ, ಬೆರಳಿಂದ ಉಜ್ಜಿದರೆ ಸಣ್ಣ ಉಂಡೆ ಏಳುತ್ತದಾ ನೋಡಿ. ನನಗೆ ಸಂಖ್ಯೆಗಿಂತ ಅದರ ಮೇಲೆ ನಂಬಿಕೆ.

ಟವಲ್ ನೀರು ಹೀರುವುದಿಲ್ಲ ಅಂತ ದೂರುವವರು ಬಹಳ. ಕೇಳಿದರೆ ಪ್ರತಿ ಸಲವೂ ಸಾಫ್ಟನರ್ ಹಾಕಿರುತ್ತಾರೆ. ಅದು ಎಳೆಗಳ ಮೇಲೆ ಜಿಡ್ಡಿನಂಥ ತೆಳು ಪದರ ಬಿಡುತ್ತದೆ. ಮೆತ್ತಗೆ ಅನಿಸುವುದು ಆ ಪದರವೇ, ನೀರನ್ನು ತಡೆಯುವುದೂ ಅದೇ. ಗಿಡದಿಂದ ಬಂದ ಅರಳೆಯ ಮೇಲೆ ಹೀಗೇ ಹುಟ್ಟಿನಿಂದ ಮೇಣ ಇರುತ್ತದೆ. ಅದನ್ನು ನೀರಿಗೆ ಹಾಕಿದರೆ ತೇಲುತ್ತದೆ. ಮೇಣ ತೆಗೆದ ಔಷಧದಂಗಡಿಯ ಹತ್ತಿ ತಕ್ಷಣ ಮುಳುಗುತ್ತದೆ. ಸಾಫ್ಟನರ್ ಹಾಕಿ ನಾವು ಟವಲನ್ನು ಮತ್ತೆ ಅರಳೆ ಮಾಡುತ್ತಿದ್ದೇವೆ, ಅಲ್ವಾ? ಒಣಗಿದ ಟವಲ್ ಬಿರುಸಾದರೆ ಚೆನ್ನಾಗಿ ಕೊಡವಿ, ಉಜ್ಜಿ. ಎಳೆಗಳ ನಡುವೆ ಅಂಟಿನ ಹಾಗೆ ಉಳಿದ ಸ್ವಲ್ಪ ತೇವದಿಂದ ಬಂದ ಬಿರುಸು ಅದು, ಬಿಟ್ಟುಕೊಡುತ್ತದೆ. ಮಕ್ಕಳ ನಯವಾದ ಜುಂಗಿನ ಹತ್ತಿ ಬಟ್ಟೆಗಂತೂ ಸಾಫ್ಟನರ್ ಬೇಡವೇ ಬೇಡ, ಅದು ಬೆಂಕಿ ಬೇಗ ಹಿಡಿಯುವ ಹಾಗೆ ಮಾಡುತ್ತದೆ.

ಇಸ್ತ್ರಿಯನ್ನು ಸ್ವಲ್ಪ ತೇವ ಇರುವಾಗಲೇ ಮಾಡಿ. ನೀರು ಸೆಲ್ಯುಲೋಸಿನ ಒಳಗಿನ ಕೊಂಡಿಗಳನ್ನು ಬಿಡಿಸುತ್ತದೆ, ಇಸ್ತ್ರಿಯ ಬಿಸಿ ಆ ನೀರನ್ನು ಓಡಿಸಿ ಚಪ್ಪಟೆಯಾಗಿದ್ದ ಹಾಗೇ ಮತ್ತೆ ಕೊಂಡಿ ಹಾಕಿಸುತ್ತದೆ. ಪೂರ್ತಿ ಒಣಗಿದ ಬಟ್ಟೆಯ ಮೇಲೆ ಎಷ್ಟು ಒತ್ತಿದರೂ ಕೈ ನೋವು ಮಾತ್ರ. ಎತ್ತಿಡುವ ಬಟ್ಟೆಗೆ ಗಂಜಿ ಹಾಕಬೇಡಿ, ಹುಳು ಬರುತ್ತದೆ. ತೇವ ಉಳಿದರೆ ಬೂಸ್ಟು ಹಿಡಿದು ಕಪ್ಪು ಚುಕ್ಕೆ ಬೀಳುತ್ತದೆ.

ಸಂಪಾದಕರೇ, ಆ ಗುಲಾಬಿ ಷರ್ಟನ್ನು ಆಕ್ಸಿಜನ್ ಬ್ಲೀಚ್ ಹಾಕಿದ ಬಿಸಿನೀರಲ್ಲಿ ಮೂರು ಸಲ ನೆನೆಸಿ ತೊಳೆದೆ. ಅದೃಷ್ಟಕ್ಕೆ ಅದಕ್ಕೆ ಇನ್ನೂ ಇಸ್ತ್ರಿ ಬಿದ್ದಿರಲಿಲ್ಲ. ಕಾಲರಿನ ಒಳ ಹೊಲಿಗೆಯಲ್ಲಿ ಮಾತ್ರ ಸ್ವಲ್ಪ ಬಣ್ಣ ಉಳಿಯಿತು. ಹುಡುಗ ಅದನ್ನೇ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದಾನೆ. ಎಲ್ಲರ ಷರ್ಟಿಗೂ ಹೀಗೆ ಆಗುವುದಿಲ್ಲ. ಆದ್ದರಿಂದ ಮುಂದಿನ ಪುರವಣಿಯಲ್ಲಿ, ಮೊದಲಿನ ಸಲಹೆ ಬಂದಿದ್ದ ಜಾಗದಲ್ಲೇ, ಉಪ್ಪಿನ ಮಾತು ಸರಿಯಲ್ಲ ಅಂತ ಒಂದು ತಿದ್ದುಪಡಿ ಹಾಕಿ. ಬಟ್ಟೆಯಲ್ಲಿ ಹತ್ತಿ ಶೇಕಡಾ ಎಷ್ಟಿದೆ ಅನ್ನುವ ಚೀಟಿ ಓದುವುದು ಹೇಗೆ ಅಂತಲೂ ಒಂದು ಲೇಖನ ಬರಲಿ. ಅದಕ್ಕೆ ಬಟ್ಟೆ ತುಂಡುಗಳು ಬೇಕಾದರೆ ನನ್ನ ಹತ್ತಿರ ಎರಡು ಚೀಲ ಇವೆ, ಕಳಿಸಿಕೊಡುತ್ತೇನೆ.

ಇಂತಿ,
ನಿಮ್ಮ ಖಾಯಂ ಓದುಗರಲ್ಲೊಬ್ಬಳು, ಹೊಲಿಗೆ ಕೆಲಸದವಳು